ಮುಳುಗಿದ ಸಾಲ: ಒಂದು ಹಿನ್ನೋಟ

ನಮ್ಮ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿಹಬ್ಬ ಆಚರಿಸಿಕೊಳ್ಳುತ್ತಿರುವುದು ಊರಿನ ಎಲ್ಲರಿಗೂ ಸಂತೋಷದ ಸಂಗತಿ. ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡ್ರಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಒಕ್ಕಲುತನ ಮಾಡಿಕೊಂಡಿರುವ, ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ ಓದಿದ ನನ್ನಂಥವನು ದೊಡ್ಡ ವಿಚಾರ ಬರೆಯುವುದು ಕಷ್ಟ. ಸಂಘ ಹುಟ್ಟಿದ ಬಗೆ, ಗೋದಾಮು ಕಟ್ಟಿದ ಬಗೆ, ಹಿರಿಯರ ತ್ಯಾಗ ಇವುಗಳ ಬಗ್ಗೆ ಬೇರೆಯವರು ಚೆಂದಾಗಿ ಬರೆದಿದ್ದಾರೆ. ನಾನು ಅಢಾವೆ ಪತ್ರಿಕೆಯಲ್ಲಿ ಬರುವ ಒಂದೇ ಒಂದು ಬಾಬಿನ ಬಗ್ಗೆ ಬರೆಯಬೇಕೆಂದು ಮಾಡಿದ್ದೇನೆ. ಅದರ ಹೆಸರು "ಮುಳುಗಿದ ಹಾಗೂ ಸಂಶಯಾಸ್ಪದ ಸಾಲಗಳ ನಿಧಿ".

ಈ ವರ್ಷ ಆ ನಿಧಿಗೆ ಹೆಚ್ಚು ಹಣ ತೆಗೆದಿಟ್ಟಿದ್ದೇವೆ. ಅದರಿಂದ ಡಿವಿಡೆಂಡು ಹೋದ ವರ್ಷಕ್ಕಿಂತ ಕಡಿಮೆಯಾಗಿದೆ. ಬೆಳ್ಳಿಹಬ್ಬದ ವರ್ಷವೇ ಹೀಗೇಕೆ ಎಂದು ಸದಸ್ಯರು ಕೇಳಿದ್ದು ನ್ಯಾಯವಾಗಿಯೇ ಇದೆ. "ಸಾಲ ಮುಳುಗಿತು ಅಂದ್ರ ಕಟ್ಟೂದು ಬ್ಯಾಡ ಅಂತ ಆತೇನು?" ಎಂದು ಒಬ್ಬರು, "ಸರಕಾರ ಮಾಫಿ ಮಾಡೂತನಕ ತಡೀರಿ" ಎಂದು ಇನ್ನೊಬ್ಬರು, "ದೊಡ್ಡ ದೊಡ್ಡ ಕಂಪನಿಯವರದು ವಜಾ ಹಾಕ್ತಾರ, ನಮ್ಮದ್ಯಾಕ ಹಾಕೂದಿಲ್ಲ?" ಎಂದು ಮತ್ತೊಬ್ಬರು ಕೇಳುತ್ತಾರೆ. ಈ ಮೂರೂ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ನಾವು ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ. ಸಾಲ ಕೊಡುವುದು ಎಷ್ಟು ಹಳೆಯದೋ ಸಾಲ ಮುಳುಗುವುದೂ ಅಷ್ಟೇ ಹಳೆಯದು.

ಶಬ್ದಗಳ ಅರ್ಥ

ಮೊದಲು ಶಬ್ದಗಳನ್ನು ಬೇರೆ ಬೇರೆ ಮಾಡಿಕೊಳ್ಳೋಣ. ಸಾಲ ಪಡೆದು ಇನ್ನೂ ವಾಯಿದೆ ತುಂಬದೆ ಇರುವುದು ಬರೀ ಬಾಕಿ. ವಾಯಿದೆ ತುಂಬಿದ ಮೇಲೂ ಕಟ್ಟದಿದ್ದರೆ ಅದು ಕಟಬಾಕಿ, ಕೆಲವು ಕಡೆ ಸುಸ್ತಿ ಎನ್ನುತ್ತಾರೆ. ಕಟಬಾಕಿ ಬಹಳ ದಿನ ನಿಂತು, ಬರುತ್ತದೋ ಇಲ್ಲವೋ ಎಂದು ಅನುಮಾನವಾದರೆ ಅದು ಸಂಶಯಾಸ್ಪದ ಸಾಲ. ಸಾಲಗಾರನಿಂದಲೂ ಜಾಮೀನುದಾರನಿಂದಲೂ ಒತ್ತೆ ಇಟ್ಟ ಆಸ್ತಿಯಿಂದಲೂ ಇನ್ನು ಹುಟ್ಟುವುದಿಲ್ಲ ಎಂದು ಖಾತ್ರಿಯಾದದ್ದು ಮುಳುಗಿದ ಸಾಲ. ನಮ್ಮ ಕಡೆ ಹಿರಿಯರು ಇದನ್ನೇ ಬುಡೀತ ಸಾಲ ಅನ್ನುತ್ತಿದ್ದರು.

ಇನ್ನೆರಡು ಶಬ್ದಗಳನ್ನು ಜನ ಒಂದೇ ಎಂದು ತಿಳಿದಿದ್ದಾರೆ, ಆದರೆ ಅವು ಒಂದಲ್ಲ. ಒಂದು, ವಜಾ ಹಾಕುವುದು. ಇದು ಸಂಘದ ಪುಸ್ತಕದ ಕೆಲಸ. ಬರಲಾರದ ಸಾಲವನ್ನು ಆಸ್ತಿ ಎಂದು ತೋರಿಸುತ್ತ ಕೂಡುವುದು ಸುಳ್ಳಾಗುತ್ತದೆಂದು ನಿಧಿಯಿಂದ ತೆಗೆದು ಆ ಬಾಬನ್ನು ಮುಚ್ಚುತ್ತಾರೆ. ಇದಕ್ಕೆ ಸರ್ವಸಾಧಾರಣ ಸಭೆಯ ಒಪ್ಪಿಗೆ ಬೇಕು, ಇಲಾಖೆಯ ಅನುಮತಿ ಬೇಕು. ಹಾಗೆ ಮುಚ್ಚಿದ ಮಾತ್ರಕ್ಕೆ ಸಾಲಗಾರ ಋಣಮುಕ್ತನಾಗುವುದಿಲ್ಲ. ನಾಳೆ ಅವನ ಕೈಯಲ್ಲಿ ಹಣ ಬಂದರೆ ಕೇಳುವ ಹಕ್ಕು ಸಂಘಕ್ಕೆ ಇದ್ದೇ ಇರುತ್ತದೆ. ಇನ್ನೊಂದು, ಮನ್ನಾ ಅಥವಾ ಮಾಫಿ. ಇದರಲ್ಲಿ ಸಾಲಗಾರನ ಋಣವೇ ತೀರುತ್ತದೆ, ಅವನ ಬದಲಿಗೆ ಸರಕಾರ ಕಟ್ಟುತ್ತದೆ. ಒಂದು ನಷ್ಟವನ್ನು ಒಪ್ಪಿಕೊಳ್ಳುವುದು, ಇನ್ನೊಂದು ನಷ್ಟವನ್ನು ಬೇರೆಯವರು ಹೊತ್ತುಕೊಳ್ಳುವುದು. ಎರಡರಲ್ಲೂ ಹಣ ಯಾರದೋ ಒಬ್ಬರ ಕಿಸೆಯಿಂದ ಹೋಗಿಯೇ ಹೋಗುತ್ತದೆ.

ಮಿತಾಕ್ಷರದ ಕಾಲ

ಸಾಲದ ವಿಷಯದಲ್ಲಿ ನಮ್ಮ ನಾಡಿನದೇ ಆದ ಒಂದು ದೊಡ್ಡ ಗ್ರಂಥವಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ "ಮಿತಾಕ್ಷರ" ಎಂಬ ವ್ಯಾಖ್ಯಾನ ಬರೆದನು. ಕಲ್ಯಾಣವೆಂದರೆ ಈಗಿನ ಬಸವಕಲ್ಯಾಣ. ಮುಂದೆ ಬ್ರಿಟಿಷ್ ಕೋರ್ಟುಗಳು ಸಹ ಬಂಗಾಲ, ಆಸಾಮ ಬಿಟ್ಟು ದೇಶದ ಬಹುಭಾಗಕ್ಕೆ ಇದನ್ನೇ ಹಿಂದೂ ಕಾಯಿದೆಯ ಆಧಾರವಾಗಿ ಇಟ್ಟುಕೊಂಡವು.

ಆ ಧರ್ಮಶಾಸ್ತ್ರದ ಪ್ರಕಾರ ಸಾಲ ಎಂಬುದು ಸತ್ತ ಮೇಲೂ ಬೆನ್ನು ಬಿಡದ ಋಣ. ತಂದೆಯ ಸಾಲ ತೀರಿಸುವುದು ಮಗನ ಧರ್ಮ, ಮಗನ ನಂತರ ಮೊಮ್ಮಗನದು. ಆದರೆ ಎಲ್ಲ ಸಾಲವನ್ನೂ ಮಗನ ತಲೆಯ ಮೇಲೆ ಹೊರಿಸಲಿಲ್ಲ ಎಂಬುದನ್ನು ಗಮನಿಸಬೇಕು. ತಂದೆ ಕುಡಿತಕ್ಕೆ, ಜೂಜಿಗೆ, ಹೆಣ್ಣಿನ ಚಟಕ್ಕೆ ಮಾಡಿದ ಸಾಲ, ಕಟ್ಟದೆ ಉಳಿಸಿದ ದಂಡ ಮತ್ತು ಸುಂಕ, ಸುಮ್ಮನೆ ಯಾರಿಗೋ ಕೊಡುತ್ತೇನೆಂದು ಒಪ್ಪಿದ ದಾನ ಇವನ್ನು ಮಗ ತೀರಿಸಬೇಕಾಗಿಲ್ಲ. ಅಂದರೆ ಸಾಲ ಕೊಡುವವನು ಯಾತಕ್ಕೆ ಕೊಡುತ್ತಿದ್ದೇನೆ ಎಂದು ನೋಡಿಕೊಂಡೇ ಕೊಡಬೇಕು, ನೋಡದೆ ಕೊಟ್ಟರೆ ಮುಳುಗಿದ್ದು ಅವನದೇ ಹೊಣೆ ಎಂದಾಯಿತು.

ಬಡ್ಡಿಗೂ ಒಂದು ಕಟ್ಟು ಇತ್ತು. ಅದಕ್ಕೆ ದಾಮದುಪ್ಪಟ್ಟು ಎನ್ನುತ್ತಿದ್ದರು. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು. ನೂರು ರೂಪಾಯಿ ಕೊಟ್ಟವನು ಎಷ್ಟು ವರ್ಷ ಬಿಟ್ಟು ಕೇಳಿದರೂ ಇನ್ನೂರಕ್ಕಿಂತ ಹೆಚ್ಚು ಕೇಳುವಂತಿಲ್ಲ. ಮುಂಬಯಿ ಇಲಾಖೆಯ ಕೋರ್ಟುಗಳು ಬ್ರಿಟಿಷರ ಕಾಲದಲ್ಲಿಯೂ ಈ ನಿಯಮ ಪಾಲಿಸಿದವು. ಬೆಳೆಯುವ ಬಡ್ಡಿಗೆ ಕೊನೆಯಿಲ್ಲದಿದ್ದರೆ ಒಳ್ಳೆಯ ಸಾಲವೂ ಕೆಟ್ಟ ಸಾಲವಾಗುತ್ತದೆ ಎಂಬ ತಿಳುವಳಿಕೆ ಇದರಲ್ಲಿದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ತಿದ್ದುಪಡಿಯಾಗಿ, ಅದರ ನಂತರ ಮಾಡಿದ ತಂದೆಯ ಸಾಲಕ್ಕೆ ಮಗ ಎಂಬ ಒಂದೇ ಕಾರಣದಿಂದ ಮಗನನ್ನು ಹಿಡಿಯುವ ಹಾಗಿಲ್ಲ ಎಂದಾಯಿತು. ಇದನ್ನು ಕೇಳಿ "ಅಪ್ಪನ ಸಾಲ ನಮಗ ಸಂಬಂಧಿಲ್ಲ" ಎನ್ನುವವರಿದ್ದಾರೆ. ಹಾಗಲ್ಲ. ಅಪ್ಪನ ಹೊಲ ಮನೆ ವಾರಸಾ ಹಕ್ಕಿನಿಂದ ಬಂದಿದ್ದರೆ ಆ ಆಸ್ತಿಯ ಮಟ್ಟಿಗೆ ಸಾಲವೂ ಜೊತೆಗೇ ಬರುತ್ತದೆ. ಉತಾರದಲ್ಲಿ ಹೆಸರು ಬೇಕು, ಖಾತೆಯಲ್ಲಿ ಬಾಕಿ ಬೇಡ ಎಂದರೆ ನಡೆಯದು.

ಸಾವಕಾರರ ಪತ್ರ ಮತ್ತು 1875ರ ಬೆಂಕಿ

ಬ್ರಿಟಿಷರು ಬಂದ ಮೇಲೆ ಸಾಲದ ಸ್ವರೂಪ ಬದಲಾಯಿತು. ಕಂದಾಯವನ್ನು ರೊಕ್ಕದಲ್ಲಿ, ಹೇಳಿದ ದಿನಕ್ಕೆ ಕಟ್ಟಬೇಕಾಯಿತು. ಮಳೆ ಹೋದರೂ ಕಂತು ಬಿಡಲಿಲ್ಲ. ರೈತ ಸಾವಕಾರನ ಬಾಗಿಲಿಗೆ ಹೋದ. ಸಾವಕಾರನ ಬೆನ್ನಿಗೆ ಕೋರ್ಟು ನಿಂತಿತು.

1859ರಲ್ಲಿ ಸರಕಾರ ಒಂದು ವಾಯಿದೆ ಕಾಯಿದೆ ತಂದಿತು. ಸಾಲದ ಪತ್ರಕ್ಕೆ ಮೂರು ವರ್ಷ ಮಾತ್ರ ಆಯುಷ್ಯ ಎಂದು. ಬಡ್ಡಿ ವರ್ಷಾನುಗಟ್ಟಲೆ ಬೆಳೆಯದಿರಲಿ ಎಂಬುದು ಇದರ ಉದ್ದೇಶ. ಆದದ್ದು ಮಾತ್ರ ಉಲ್ಟಾ. ಮೂರು ವರ್ಷ ತುಂಬುವ ಹೊತ್ತಿಗೆ ಸಾವಕಾರ ರೈತನನ್ನು ಕರೆಸಿ, ಅಸಲು ಬಡ್ಡಿ ಎರಡನ್ನೂ ಕೂಡಿಸಿ, ಕೂಡಿದ್ದನ್ನೇ ಹೊಸ ಅಸಲು ಎಂದು ಹೊಸ ಪತ್ರ ಬರೆಸಿಕೊಳ್ಳತೊಡಗಿದ. ಒಂದು ಪೈಸೆ ಕೈ ಬದಲಾಗಲಿಲ್ಲ. ಆದರೆ ಕಾಗದದ ಮೇಲೆ ಹಳೆ ಸಾಲ ತೀರಿತ್ತು, ಹೊಸ ಸಾಲ ಹುಟ್ಟಿತ್ತು, ದಾಮದುಪ್ಪಟ್ಟಿನ ಕಟ್ಟೂ ತಪ್ಪಿತ್ತು. ತೀರಿಸಲಾರದ ಸಾಲವನ್ನು ಕಾಗದದ ಮೇಲೆ ಹೊಸದಾಗಿ ಮಾಡುವ ಈ ಯುಕ್ತಿಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಅದು ಬೇರೆ ವೇಷದಲ್ಲಿ ಮತ್ತೆ ಬರುತ್ತದೆ.

ಅಷ್ಟರಲ್ಲಿ 1861ರಲ್ಲಿ ಅಮೆರಿಕದಲ್ಲಿ ಒಳಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ದಖ್ಖಣದ ಹತ್ತಿಗೆ ಚಿನ್ನದ ಬೆಲೆ ಬಂತು. ನಮ್ಮ ಧಾರವಾಡ ಸೀಮೆಯಲ್ಲಿ ಆಗಲೇ ಅಮೆರಿಕದ ತಳಿಯ ಹತ್ತಿ ಬೇರೂರಿತ್ತು, ಇಲ್ಲಿಗೂ ಆ ಬೆಲೆಯ ಗಾಳಿ ಬೀಸಿತು. ಬೆಲೆ ಇದ್ದಾಗ ಸಾವಕಾರರು ಕೇಳಿದಷ್ಟು ಕೊಟ್ಟರು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಇಳಿಯಿತು, ಸಾಲ ಮಾತ್ರ ಏರಿದಲ್ಲಿಯೇ ನಿಂತಿತು. ಕೊಡುವುದನ್ನು ನಿಲ್ಲಿಸಿ ವಸೂಲಿಗೆ ಕುಳಿತರು.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯೂರಿನಲ್ಲಿ ರೈತರು ಸಾವಕಾರರ ಮೇಲೆ ಎದ್ದರು. ಅದು ಅಹಮದನಗರ ಜಿಲ್ಲೆಗೂ ಹಬ್ಬಿ ಮೂವತ್ತಕ್ಕೂ ಹೆಚ್ಚು ಹಳ್ಳಿಗಳಲ್ಲಿ ಗಲಭೆಯಾಯಿತು. ಜನ ಎಲ್ಲಕ್ಕಿಂತ ಮೊದಲು ಕೇಳಿದ್ದು ಸಾಲದ ಪತ್ರ ಮತ್ತು ಲೆಕ್ಕದ ಪುಸ್ತಕಗಳನ್ನು. ಅವನ್ನು ತಂದು ಸುಟ್ಟರು. ಆ ಪುಸ್ತಕಗಳಲ್ಲಿ ಇದ್ದದ್ದು ತಾವು ಪಡೆದ ಸಾಲವಲ್ಲ ಎಂಬುದು ಅವರ ಸಿಟ್ಟಾಗಿತ್ತು.

ಸರಕಾರ ವಿಚಾರಣೆ ಮಾಡಿಸಿ 1879ರಲ್ಲಿ ದಖ್ಖಣ ರೈತರ ಪರಿಹಾರ ಕಾಯಿದೆ ತಂದಿತು. ಪತ್ರದಲ್ಲಿ ಬರೆದ ಮೊತ್ತವನ್ನು ಹಾಗೇ ನಂಬದೆ, ಮೊದಲು ಕೊಟ್ಟದ್ದೆಷ್ಟು, ಬಂದದ್ದೆಷ್ಟು ಎಂದು ಬುಡದಿಂದ ಲೆಕ್ಕ ತೆಗೆಯುವ ಅಧಿಕಾರ ಕೋರ್ಟಿಗೆ ಬಂತು. ಸಾಲಕ್ಕಾಗಿ ರೈತನನ್ನು ಸೆರೆಮನೆಗೆ ಹಾಕುವುದು ನಿಂತಿತು. ಒಳ್ಳೆಯ ಕಾಯಿದೆಯೇ. ಆದರೆ ಸಾವಕಾರರು ಸಾಲದ ಪತ್ರದ ಬದಲು ಹೊಲದ ಖರೀದಿ ಪತ್ರವನ್ನೇ ಬರೆಸಿಕೊಳ್ಳಲು ಕಲಿತರು. ಸಾಲ ಬೇಕಾದ ರೈತನಿಗೆ ಬೇರೆ ಬಾಗಿಲು ಇಲ್ಲದಿದ್ದರೆ ಕಾಯಿದೆ ಒಂದರಿಂದಲೇ ಕೆಲಸ ಆಗುವುದಿಲ್ಲ ಎಂಬುದು ಆಗ ಗೊತ್ತಾಯಿತು.

ಕಣಗಿನಹಾಳದಲ್ಲಿ ತೆರೆದ ಬಾಗಿಲು

ಆ ಬೇರೆ ಬಾಗಿಲೇ ಸಹಕಾರ. ಜರ್ಮನಿಯಲ್ಲಿ ಹಳ್ಳಿಯ ಮೇಯರನಾಗಿದ್ದ ರೈಫೈಸನ್ ಎಂಬಾತ 1860ರ ದಶಕದಲ್ಲಿ ರೈತರ ಪತ್ತಿನ ಸಂಘಗಳನ್ನು ಕಟ್ಟಿದ್ದ. ಮದ್ರಾಸ್ ಸರಕಾರದ ಅಧಿಕಾರಿ ಫ್ರೆಡರಿಕ್ ನಿಕೊಲ್ಸನ್ ಅದನ್ನು ಅಭ್ಯಾಸ ಮಾಡಿ 1890ರ ದಶಕದಲ್ಲಿ ವರದಿ ಕೊಟ್ಟರು. ಆ ಮೇಲೆ 1904ರಲ್ಲಿ ದೇಶಕ್ಕೆ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಸ್ಥಾಪಿಸಿದರು. ದೇಶದ ಮೊದಮೊದಲ ಕೃಷಿ ಪತ್ತಿನ ಸಂಘಗಳಲ್ಲಿ ಅದೊಂದು. ಸಹಕಾರ ಚಳವಳಿಯ ಪಿತಾಮಹರೆಂದು ನಾವು ಅವರನ್ನು ಇಂದಿಗೂ ನೆನೆಯುತ್ತೇವೆ.

ಆ ಹಿರಿಯರು ಮುಳುಗುವ ಸಾಲವನ್ನು ತಡೆಯಲು ಏನು ಮಾಡಿದರೆಂಬುದನ್ನು ಇಂದಿನ ನಾವು ತಿಳಿಯಬೇಕು. ಹತ್ತು ಜನ ಕೂಡಿ ಸಂಘ ಮಾಡಬಹುದಿತ್ತು, ಆದರೆ ಅವರು ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕಿತ್ತು. ಹಳ್ಳಿಯ ಸಂಘದಲ್ಲಿ ಹೊಣೆಗಾರಿಕೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬ ಸದಸ್ಯನ ಹೊಲ ಮನೆಗೂ ಅದರ ಬಿಸಿ ತಟ್ಟುತ್ತಿತ್ತು. ಲಾಭವನ್ನು ಹಂಚಿಕೊಳ್ಳದೆ ಆಪದ್ಧನ ನಿಧಿಗೆ ಹಾಕಬೇಕಿತ್ತು. ಇದರ ಪರಿಣಾಮ ಏನೆಂದರೆ, ಸಾಲ ಕೇಳಿದವನು ಎತ್ತು ಕೊಳ್ಳುತ್ತಾನೋ ಇಸ್ಪೀಟು ಆಡುತ್ತಾನೋ ಎಂದು ಇಡೀ ಊರೇ ನೋಡುತ್ತಿತ್ತು. ಸಾವಕಾರನ ಬಳಿ ಒತ್ತೆ ಇತ್ತು, ಸಂಘದ ಬಳಿ ತಿಳುವಳಿಕೆ ಇತ್ತು.

1912ರ ಕಾಯಿದೆಯಿಂದ ಸಹಕಾರ ಬೇರೆ ಬೇರೆ ಕೆಲಸಗಳಿಗೂ ಹರಡಿತು. ನಿವ್ವಳ ಲಾಭದ ಕಾಲು ಪಾಲನ್ನು ಆಪದ್ಧನಕ್ಕೆ ಹಾಕಬೇಕೆಂಬ ನಿಯಮ ಆಗಿನದು. ನಮ್ಮ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯಲ್ಲಿಯೂ ಅದು ಮುಂದುವರಿಯಿತು. ಪ್ರತಿವರ್ಷ ಸಭೆಯಲ್ಲಿ "ಆಪದ್ಧನ ಇಪ್ಪತ್ತೈದು ಪರ್ಸೆಂಟ್" ಎಂದು ಕಾರ್ಯದರ್ಶಿಗಳು ಓದುವಾಗ ನಾವು ಚಹಾ ಬಂತೇನು ಎಂದು ಬಾಗಿಲು ನೋಡುತ್ತಿರುತ್ತೇವೆ. ಆದರೆ ಆ ಕಾಲು ಪಾಲಿನ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಅನುಭವವಿದೆ.

ಬೆಲೆ ಕುಸಿದಾಗ

ಇಷ್ಟೆಲ್ಲ ಇದ್ದರೂ 1929ರ ನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ ಸಹಕಾರ ಸಂಘಗಳು ತತ್ತರಿಸಿದವು. 1928ರಿಂದ 1934ರ ಒಳಗೆ ನಮ್ಮ ದೇಶದಲ್ಲಿ ಗೋದಿಯ ಬೆಲೆ ಅರ್ಧಕ್ಕೆ ಇಳಿಯಿತು. ಎರಡು ಚೀಲ ಮಾರಿ ಕಟ್ಟಬಹುದಾದ ಕಂತಿಗೆ ನಾಲ್ಕು ಚೀಲ ಮಾರಬೇಕಾಯಿತು. ರೈತ ಕೆಟ್ಟವನಾಗಿರಲಿಲ್ಲ, ಪೀಕೂ ಕೆಟ್ಟಿರಲಿಲ್ಲ, ಆದರೂ ಸಾಲ ಕೆಟ್ಟಿತು. ಕಟಬಾಕಿ ಬೆಳೆದು ಎಷ್ಟೋ ಸಂಘಗಳು ಬಾಗಿಲು ಹಾಕಿದವು. ಸಾಲ ಮುಳುಗಿದ್ದಕ್ಕೆ ಸಾಲಗಾರನ ನಡತೆಯೇ ಕಾರಣ ಎನ್ನುವವರು ಈ ಕಾಲವನ್ನು ನೆನಪಿಸಿಕೊಳ್ಳಬೇಕು.

ಸ್ವಾತಂತ್ರ್ಯದ ನಂತರ ರಿಸರ್ವ್ ಬ್ಯಾಂಕಿನವರು ಹಳ್ಳಿಯ ಸಾಲದ ಬಗ್ಗೆ ಇಡೀ ದೇಶದಲ್ಲಿ ಸಮೀಕ್ಷೆ ಮಾಡಿಸಿದರು. ಶ್ರೀ ಎ.ಡಿ. ಗೋರವಾಲಾ ಅವರ ಸಮಿತಿ 1954ರಲ್ಲಿ ವರದಿ ಪ್ರಕಟಿಸಿತು. 1951-52ರಲ್ಲಿ ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಕೇವಲ 3.1. ಸಾವಕಾರರ ಪಾಲು ನೂರಕ್ಕೆ ಸುಮಾರು 70. ಐವತ್ತು ವರ್ಷದ ಸಹಕಾರದ ಫಲ ಇಷ್ಟೇ ಆಗಿತ್ತು. ಸಹಕಾರ ಸೋತಿದೆ, ಆದರೂ ಅದು ಗೆಲ್ಲಲೇಬೇಕು ಎಂಬುದು ಆ ವರದಿಯ ಸಾರ. ಆ ಮೇಲೆ ಸರಕಾರವೇ ಸಂಘಗಳಲ್ಲಿ ಶೇರು ಹಾಕಿತು. ಸಂಘಗಳಿಗೆ ಬಲ ಬಂತು. ಜೊತೆಗೆ "ಇದು ಸರಕಾರದ ರೊಕ್ಕ" ಎಂಬ ಭಾವನೆಯೂ ಬಂತು. ಕಣಗಿನಹಾಳದ ಹಿರಿಯರಿಗೆ ಸಂಘದ ಹಣ ನೆರೆಮನೆಯವನ ಹಣವಾಗಿತ್ತು. ಮುಂದೆ ಅದು ಯಾರದೂ ಅಲ್ಲದ ಹಣವಾಗತೊಡಗಿತು.

ಮನ್ನಾದ ವರ್ಷಗಳು

1976ರಲ್ಲಿ ದೇವರಾಜ ಅರಸರ ಸರಕಾರ ಋಣ ಪರಿಹಾರ ಕಾಯಿದೆ ತಂದು ಬಡವರನ್ನು ಖಾಸಗಿ ಲೇವಾದೇವಿಯವರ ಸಾಲದಿಂದ ಬಿಡಿಸಿತು. 1980ರ ನಂತರ ರೈತಸಂಘ ಬೆಳೆಯಿತು. ಸಾಲಕ್ಕಾಗಿ ಮನೆಯ ಸಾಮಾನು ಜಪ್ತಿ ಮಾಡುವುದನ್ನು ರೈತರು ತಡೆದರು, ಒಯ್ದದ್ದನ್ನು ತಿರುಗಿ ತರುವ "ಮರುಜಪ್ತಿ"ಯನ್ನೂ ಮಾಡಿದರು. ಬೆಳೆಗೆ ಯೋಗ್ಯ ಬೆಲೆ ಕೊಡದೆ ಸಾಲ ಮಾತ್ರ ಪೂರ್ತಿ ಕೇಳುವುದು ಯಾವ ನ್ಯಾಯ ಎಂಬ ಅವರ ಪ್ರಶ್ನೆಯಲ್ಲಿ ಹುರುಳಿತ್ತು, ಈಗಲೂ ಇದೆ.

1990ರಲ್ಲಿ ಶ್ರೀ ವಿ.ಪಿ. ಸಿಂಗ್ ಸರಕಾರ 10,000 ರೂಪಾಯಿವರೆಗಿನ ಕಟಬಾಕಿ ಸಾಲ ಮನ್ನಾ ಮಾಡಿತು. 2008ರಲ್ಲಿ ಕೇಂದ್ರ ಸರಕಾರ ಎರಡು ಹೆಕ್ಟೇರಿನವರೆಗಿನ ರೈತರ ಕಟಬಾಕಿಯನ್ನು ಪೂರ್ತಿ ಮನ್ನಾ ಮಾಡಿ, ಉಳಿದವರು ಮುಕ್ಕಾಲು ಪಾಲು ಕಟ್ಟಿದರೆ ಕಾಲು ಪಾಲು ಬಿಟ್ಟಿತು. ನಮ್ಮ ರಾಜ್ಯದಲ್ಲಿ 2017ರಲ್ಲಿ ಶ್ರೀ ಸಿದ್ದರಾಮಯ್ಯನವರ ಸರಕಾರ ಸಹಕಾರಿ ಬೆಳೆಸಾಲದಲ್ಲಿ 50,000 ರೂಪಾಯಿವರೆಗೆ, 2018ರಲ್ಲಿ ಶ್ರೀ ಕುಮಾರಸ್ವಾಮಿಯವರ ಸರಕಾರ 1 ಲಕ್ಷ ರೂಪಾಯಿವರೆಗೆ ಮನ್ನಾ ಘೋಷಿಸಿದವು.

ಇವುಗಳಿಂದ ಎಷ್ಟೋ ಮನೆಗಳು ಉಳಿದಿವೆ, ಅದನ್ನು ಅಲ್ಲಗಳೆಯಲಾಗದು. ಆದರೆ 1990 ಮತ್ತು 2008ರ ಯೋಜನೆಗಳಲ್ಲಿ ಕಟಬಾಕಿ ಇದ್ದವರಿಗೆ ಮಾತ್ರ ಲಾಭ. ಹೆಂಡತಿಯ ಕಿವಿಯ ಓಲೆ ಒತ್ತೆ ಇಟ್ಟು ವಾಯಿದೆಗೆ ಸರಿಯಾಗಿ ಕಟ್ಟಿದವನಿಗೆ ಏನೂ ಸಿಗಲಿಲ್ಲ. 2008ರ ಯೋಜನೆಯ ಲೆಕ್ಕ ತಪಾಸಣೆ ಮಾಡಿದ ಮಹಾಲೇಖಪಾಲರು 2013ರಲ್ಲಿ, ಅರ್ಹರಲ್ಲದವರಿಗೆ ಲಾಭವಾದದ್ದೂ ಅರ್ಹರು ಬಿಟ್ಟುಹೋದದ್ದೂ ಕಂಡುಬಂದಿದೆ ಎಂದು ವರದಿ ಕೊಟ್ಟರು. ಇನ್ನೊಂದು ಮಾತು. ಮನ್ನಾ ಘೋಷಣೆಯಾದ ದಿನ ಸಂಘಕ್ಕೆ ಹಣ ಬರುವುದಿಲ್ಲ, ಅದು ನಿಧಾನಕ್ಕೆ ಬರುತ್ತದೆ. ಅಲ್ಲಿಯವರೆಗೆ ಕಟ್ಟುವವರೂ ನಿಲ್ಲಿಸುತ್ತಾರೆ, ಹೊಸ ಹಂಗಾಮಿಗೆ ಸಾಲ ಕೊಡಲು ಸಂಘದ ಕೈ ಖಾಲಿ ಇರುತ್ತದೆ. ಬಿತ್ತುವ ವೇಳೆಗೆ ರೈತ ಮತ್ತೆ ಬಡ್ಡಿಯವರ ಬಾಗಿಲಿಗೆ ಹೋಗುತ್ತಾನೆ.

ಪುಸ್ತಕದ ಸತ್ಯ

1991ರ ತನಕ ಬ್ಯಾಂಕುಗಳು ಬಾರದ ಸಾಲಕ್ಕೂ ಬಡ್ಡಿ ಬಂದಂತೆ ಬರೆದು ಲಾಭ ತೋರಿಸಬಹುದಿತ್ತು. ಆ ವರ್ಷ ಶ್ರೀ ಎಂ. ನರಸಿಂಹಂ ಅವರ ಸಮಿತಿ ಇದಕ್ಕೆ ತಡೆ ಹಾಕಲು ಹೇಳಿತು. 1992ರಿಂದ ರಿಸರ್ವ್ ಬ್ಯಾಂಕು ಹೊಸ ನಿಯಮ ತಂದಿತು. ಕೈಗೆ ಬಾರದ ಬಡ್ಡಿಯನ್ನು ಆದಾಯ ಎನ್ನಬಾರದು. ಗೊತ್ತುಪಡಿಸಿದ ಅವಧಿ ಮೀರಿ ನಿಂತ ಸಾಲವನ್ನು ಅನುತ್ಪಾದಕ ಆಸ್ತಿ, ಅಂದರೆ ಎನ್.ಪಿ.ಎ. ಎನ್ನಬೇಕು. 2004ರಿಂದ ಆ ಅವಧಿ 90 ದಿನಕ್ಕೆ ಇಳಿಯಿತು. ಬೆಳೆಸಾಲಕ್ಕೆ ಮಾತ್ರ ದಿನದ ಲೆಕ್ಕವಲ್ಲ, ಹಂಗಾಮಿನ ಲೆಕ್ಕ. ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು. ಪೂರ್ತಿ ಮುಳುಗಿದ್ದಕ್ಕೆ ನೂರಕ್ಕೆ ನೂರು ತೆಗೆದಿಡಬೇಕು. 1996-97ರಿಂದ ರಾಜ್ಯ ಮತ್ತು ಜಿಲ್ಲಾ ಸಹಕಾರಿ ಬ್ಯಾಂಕುಗಳಿಗೂ ಈ ರೀತಿಯ ನಿಯಮ ಬಂತು.

ಈ ನಿಯಮಗಳನ್ನು ತಪ್ಪಿಸಿಕೊಳ್ಳುವ ದಾರಿಗಳೂ ಹುಟ್ಟಿದವು. ಮಾರ್ಚ್ ತಿಂಗಳು ಬಂತೆಂದರೆ ಕೆಲವು ಕಡೆ ಸಾಲಗಾರ ನಾಲ್ಕು ದಿನಕ್ಕೆ ಕೈಗಡ ತಂದು ಹಳೆ ಸಾಲ ಕಟ್ಟುತ್ತಾನೆ, ಮರುದಿನ ಹೊಸ ಸಾಲ ಎತ್ತಿ ಕೈಗಡ ತೀರಿಸುತ್ತಾನೆ, ನಡುವೆ ಕೈಗಡ ಕೊಟ್ಟವನಿಗೆ ಬಡ್ಡಿ. ಇನ್ನು ಕೆಲವು ಕಡೆ ರೊಕ್ಕವೂ ಓಡಾಡುವುದಿಲ್ಲ, ಪುಸ್ತಕದಲ್ಲಿಯೇ ಜಮಾ ಖರ್ಚು ಆಗಿಬಿಡುತ್ತದೆ. ಮೊದಲು ಹೇಳಿದ 1859ರ ನಂತರದ ಸಾವಕಾರನ ಹೊಸ ಪತ್ರಕ್ಕೂ ಇದಕ್ಕೂ ಏನು ಫರಕು? ವಸೂಲಾತಿ ನೂರಕ್ಕೆ ನೂರು ಎಂದು ವರದಿಯಲ್ಲಿ ಬರುತ್ತದೆ, ಒಳಗೆ ಸಾಲ ಪ್ರತಿವರ್ಷ ಬಡ್ಡಿಯಷ್ಟು ದಪ್ಪವಾಗುತ್ತ ಹೋಗುತ್ತದೆ.

ಮುಚ್ಚಿಟ್ಟ ಸಾಲ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಮುಂಬಯಿಯ ಪಂಜಾಬ್ ಆಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಉದಾಹರಣೆ ಸಾಕು. ಅದಕ್ಕೆ ನಮ್ಮ ರಾಜ್ಯದಲ್ಲೂ ಶಾಖೆಗಳಿದ್ದವು. ಅದರ ಸಾಲದ ಬಹುಪಾಲು ಒಂದೇ ಕಟ್ಟಡ ಕಂಪನಿಯ ಗುಂಪಿಗೆ ಹೋಗಿ ನಿಂತಿದ್ದದ್ದು ಲೆಕ್ಕದಲ್ಲಿ ಕಾಣದ ಹಾಗಿತ್ತು. 2019ರ ಸಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿ, ಠೇವುದಾರರು ಮೊದಲಿಗೆ ಬರೀ 1,000 ರೂಪಾಯಿ ಮಾತ್ರ ತೆಗೆಯಬಹುದೆಂದಿತು. ಮಗಳ ಮದುವೆಗೆ, ಆಸ್ಪತ್ರೆಗೆ ಇಟ್ಟ ಹಣ ಇದ್ದಲ್ಲೇ ನಿಂತಿತು. ಹಿಂದಿನ ದಿನದವರೆಗೆ ಆ ಬ್ಯಾಂಕಿನ ಪುಸ್ತಕ ಚೆಂದಾಗಿಯೇ ಇತ್ತು.

ಇನ್ನು "ದೊಡ್ಡವರದು ವಜಾ ಹಾಕ್ತಾರ" ಎಂಬ ಮಾತು. 2015ರಲ್ಲಿ ಶ್ರೀ ರಘುರಾಮ ರಾಜನ್ ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದಾಗ ಬ್ಯಾಂಕುಗಳ ದೊಡ್ಡ ಸಾಲಗಳನ್ನು ಕೆದಕಿ ನೋಡಿಸಿದರು. ಮುಚ್ಚಿದ್ದು ಹೊರಬಂದು 2018ರ ಮಾರ್ಚಿಗೆ ದೇಶದ ವಾಣಿಜ್ಯ ಬ್ಯಾಂಕುಗಳ ಎನ್.ಪಿ.ಎ. ನೂರಕ್ಕೆ 11ರ ಮೇಲೆ ಹೋಯಿತು. 2024ರ ಮಾರ್ಚಿಗೆ ಅದು ನೂರಕ್ಕೆ 3ರ ಒಳಗೆ ಬಂದಿದೆ. ಇದರಲ್ಲಿ ವಸೂಲಾದದ್ದೂ ಉಂಟು, ವಜಾ ಹಾಕಿದ್ದೂ ಬಹಳ ಉಂಟು. ವಜಾ ಎಂದರೆ ಮಾಫಿ ಅಲ್ಲ ಎಂಬುದು ನಿಜ. ಹಾಗೆ ವಜಾ ಹಾಕಿದ್ದರಲ್ಲಿ ತಿರುಗಿ ಬರುವುದು ಸ್ವಲ್ಪವೇ ಎಂಬುದೂ ನಿಜ. ಆದ್ದರಿಂದ ನಮ್ಮ ಜನರ ಸಿಟ್ಟಿಗೆ ಕಾರಣವಿದೆ. ಆದರೆ ದೊಡ್ಡ ಬ್ಯಾಂಕಿನ ನಷ್ಟವನ್ನು ಸರಕಾರ ತನ್ನ ಬೊಕ್ಕಸದಿಂದ ತುಂಬಿತು. ನಮ್ಮ ಸಂಘದ ನಷ್ಟವನ್ನು ತುಂಬುವವರು ನಾವೇ.

ನಮ್ಮ ಮಟ್ಟಿಗೆ ಇದರ ಅರ್ಥ

ಒಂದು ಸಣ್ಣ ಲೆಕ್ಕ ಹಾಕೋಣ. ನೂರು ರೂಪಾಯಿ ಸಾಲ ಕೊಟ್ಟರೆ ಠೇವಿನ ಬಡ್ಡಿ, ಸಿಬ್ಬಂದಿ ಪಗಾರ, ಲೈಟ್ ಬಿಲ್ಲು ಎಲ್ಲ ಹೋಗಿ ಸಂಘಕ್ಕೆ ಎರಡು ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಒಬ್ಬನ ನೂರು ರೂಪಾಯಿ ಮುಳುಗಿದರೆ ಅದನ್ನು ತುಂಬಲು ಐವತ್ತು ಜನ ನೂರು ನೂರು ರೂಪಾಯಿ ಸಾಲ ಪಡೆದು ವಾಯಿದೆಗೆ ಸರಿಯಾಗಿ ಕಟ್ಟಬೇಕು. ಐವತ್ತು ಜನರ ಪ್ರಾಮಾಣಿಕತೆಯನ್ನು ಒಂದು ಮುಳುಗಿದ ಸಾಲ ನುಂಗುತ್ತದೆ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಬ್ಯಾಂಕಿನಲ್ಲಿಟ್ಟ ಠೇವಿಗೆ 2020ರಿಂದ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ನಮ್ಮಂಥ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಠೇವಿಗೆ ಆ ವಿಮೆ ಇಲ್ಲ. ನಿವೃತ್ತ ಮಾಸ್ತರರು ಇಟ್ಟ ಗಂಟು, ಸ್ವಸಹಾಯ ಗುಂಪಿನ ತಾಯಂದಿರು ವಾರ ವಾರ ಕೂಡಿಸಿದ ಹಣ, ಇವೆಲ್ಲಕ್ಕೆ ನಮ್ಮ ಆಪದ್ಧನ ಮತ್ತು ಈ ಮುಳುಗಿದ ಸಾಲದ ನಿಧಿಯೇ ವಿಮೆ. ಈ ವರ್ಷ ಡಿವಿಡೆಂಡು ಕಡಿಮೆ ಮಾಡಿ ಅಲ್ಲಿ ಹಣ ಇಟ್ಟದ್ದು ಇದಕ್ಕೇ. ಹೆಚ್ಚು ಡಿವಿಡೆಂಡು ಕೊಟ್ಟು ಚಪ್ಪಾಳೆ ತೆಗೆದುಕೊಳ್ಳುವುದು ಸುಲಭವಿತ್ತು. ಆದರೆ ಬಾರದ ಬಡ್ಡಿಯನ್ನು ಲಾಭ ಎಂದು ಹಂಚಿದರೆ ಅದು ಠೇವುದಾರರ ಅಸಲನ್ನೇ ಹಂಚಿದಂತೆ.

ಹಾಗೆಂದು ಕಟಬಾಕಿದಾರರೆಲ್ಲ ಕಳ್ಳರಲ್ಲ. ಕಟ್ಟಲಾರದವನು ಬೇರೆ, ಕಟ್ಟಲೊಲ್ಲದವನು ಬೇರೆ. ಇವರಿಬ್ಬರನ್ನು ಬೇರೆ ಮಾಡಿ ನೋಡುವುದೇ ಸಂಘದ ಕೆಲಸ. ಮಳೆ ಕೈಕೊಟ್ಟು ಪೀಕು ಹೋದವನು, ಉಳ್ಳಾಗಡ್ಡಿ ಬೆಲೆ ಬಿದ್ದು ಗಾಡಿ ಬಾಡಿಗೆಯೂ ಹುಟ್ಟದವನು, ಮನೆಯ ಯಜಮಾನನನ್ನು ಕಳೆದುಕೊಂಡ ತಾಯಿ, ಇವರು ಕಟ್ಟಲಾರದವರು. ಬರಗಾಲ ಎಂದು ಸಾರಿದಾಗ ಬೆಳೆಸಾಲವನ್ನು ಮಧ್ಯಮಾವಧಿಗೆ ಪರಿವರ್ತಿಸಿ ಕಂತು ಮಾಡಿಕೊಡುವ ಪದ್ಧತಿ ಇರುವುದು ಇಂಥವರಿಗಾಗಿಯೇ. ಅವರು ಸಂಘಕ್ಕೆ ಬರದೆ ಅಂಜಿ ಮುಖ ತಪ್ಪಿಸಿಕೊಂಡರೆ ಪರಿವರ್ತನೆಯ ವೇಳೆ ಮೀರಿಹೋಗುತ್ತದೆ. ಪೀಕು ಹೋಗಿದ್ದರೆ ಹೋಗಿದೆ ಎಂದು ವಾಯಿದೆಗೆ ಮುಂಚೆಯೇ ಬಂದು ಹೇಳಬೇಕು. ಹೇಳಿದ್ದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಹೊಸ ಟ್ರ್ಯಾಕ್ಟರ್ ಬಾಗಿಲಲ್ಲಿ ನಿಲ್ಲಿಸಿ, ಮುಂದಿನ ಚುನಾವಣೆಗೆ ಮಾಫಿ ಆಗತದ ಎಂದು ಕೂತವನು ಕಟ್ಟಲೊಲ್ಲದವನು. ಅವನ ಮೇಲೆ 70ನೇ ಕಲಮಿನ ಪ್ರಕಾರ ದಾವೆ ಹಾಕುವುದು ವೈರತ್ವದಿಂದಲ್ಲ. ಉಳಿದ ಐವತ್ತು ಜನರಿಗಾಗಿ. ಜಾಮೀನು ಬೀಳುವವರಿಗೂ ಒಂದು ಮಾತು: ಕಾಯಿದೆಯಲ್ಲಿ ಜಾಮೀನುದಾರ ಸಾಲಗಾರನಷ್ಟೇ ಹೊಣೆಗಾರ. "ಸುಮ್ಮನ ಒಂದ್ ಸಹಿ ಹಾಕು ಮಾರಾಯ" ಎಂದಾಗ ಹಾಕುವ ಸಹಿ ಸುಮ್ಮನೆ ಅಲ್ಲ.

ಸರಕಾರ ಸಹಕಾರ ಸಂಘಗಳ ಮೂಲಕ ಕೊಡುತ್ತಿರುವ ಶೂನ್ಯ ಬಡ್ಡಿಯ ಬೆಳೆಸಾಲವೂ ವಾಯಿದೆಗೆ ಕಟ್ಟಿದವರಿಗೆ ಮಾತ್ರ ಶೂನ್ಯ ಬಡ್ಡಿ. ಕಟಬಾಕಿಯಾದ ಕೂಡಲೇ ಆ ಸವಲತ್ತು ತಪ್ಪುತ್ತದೆ ಎಂಬುದನ್ನು ನಮ್ಮ ಯುವಕರು ತಿಳಿದಿರಬೇಕು.

ಇಷ್ಟು ದೂರದ ಇತಿಹಾಸ ನೋಡಿದ ಮೇಲೆ ನನಗೆ ಅನಿಸುವುದು ಇದು. ಸಾಲ ಮುಳುಗುವುದನ್ನು ಯಾವ ಕಾಲದವರೂ ಪೂರ್ತಿ ತಡೆಯಲಾಗಿಲ್ಲ. ಮಳೆ, ಬೆಲೆ, ರೋಗ ನಮ್ಮ ಕೈಯಲ್ಲಿಲ್ಲ. ಮುಳುಗಿದ್ದನ್ನು ಮುಳುಗಿದೆ ಎಂದು ಬರೆಯುವುದು ಮಾತ್ರ ನಮ್ಮ ಕೈಯಲ್ಲಿದೆ. ಹಾಗೆ ಬರೆದ ಸಂಘ ಒಂದೆರಡು ವರ್ಷ ಕಡಿಮೆ ಡಿವಿಡೆಂಡು ಕೊಟ್ಟು ಉಳಿದುಕೊಳ್ಳುತ್ತದೆ. ಬರೆಯದ ಸಂಘ ಚೆಂದಾದ ವರದಿ ಓದುತ್ತ ಓದುತ್ತ ಒಂದು ದಿನ ಬಾಗಿಲು ಹಾಕುತ್ತದೆ. ಮುಂದಿನ ಸರ್ವಸಾಧಾರಣ ಸಭೆಗೆ ಎಲ್ಲ ಸದಸ್ಯ ಬಾಂಧವರೂ ತಾಯಂದಿರೂ ಬರಬೇಕು, ಅಢಾವೆ ಪತ್ರಿಕೆಯ ಆ ಬಾಬಿನ ಮೇಲೆ ಬೆರಳಿಟ್ಟು ಇದರಲ್ಲಿ ಯಾರ ಸಾಲ ಎಷ್ಟು, ಯಾತಕ್ಕೆ ನಿಂತಿದೆ ಎಂದು ನಮ್ಮನ್ನು, ಅಂದರೆ ಆಡಳಿತ ಮಂಡಳಿಯವರನ್ನು, ಕೇಳಬೇಕು. ಡೈರೆಕ್ಟರರ ಮನೆಯ ಸಾಲ ಎಷ್ಟಿದೆ ಎಂಬುದನ್ನೂ ಮೊದಲು ಕೇಳಬೇಕು. ಹಾಗೆ ಕೇಳುವ ಸದಸ್ಯರು ಇರುವವರೆಗೆ ಸಂಘಕ್ಕೆ ಭಯವಿಲ್ಲ.

ಸಂಘವು ಸುವರ್ಣ ಮಹೋತ್ಸವವನ್ನೂ ನೋಡಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ.